ಮನುಷ್ಯನಿಗಿಂತ ಮುಂದೆ ಹೋದ ಯಂತ್ರಗಳು

(ಲೇಖಕರು ನಮ್ಮ ಶಾಲೆಯ 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ; ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)

2004ರ ಜನವರಿ. ಹತ್ತನೇ ತರಗತಿಯ ನಾವೆಲ್ಲ ಪೂರ್ವಸಿದ್ಧತಾ ಪರೀಕ್ಷೆಯ ಭಯದಲ್ಲಿದ್ದೆವು. ಬೆಳಗಿನ ಪ್ರಾರ್ಥನೆಯಲ್ಲಿ ಪತ್ರಿಕೆ ಓದುವ ಸರದಿ ಅಂದು ನನ್ನದು. ಮಂಗಳ ಗ್ರಹದ ಮೇಲೆ ಅಮೆರಿಕದ ‘ಸ್ಪಿರಿಟ್’ ಎಂಬ ಆರು ಚಕ್ರದ ಗಾಡಿ ಇಳಿದಿದೆ ಎಂಬ ಸುದ್ದಿಯನ್ನು ತಡವರಿಸುತ್ತ ಓದಿದೆ. ವಿಜ್ಞಾನದ ಮೇಷ್ಟ್ರು ಆ ಸುದ್ದಿಯನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದರು. ಅವರ ಪಿರಿಯಡ್‌ನಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು, “ಸಾರ್, ಅಲ್ಲಿ ಡ್ರೈವರ್ ಯಾರು?” ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, “ಅದೇ ನೋಡ್ಕೊಂಡು ಹೋಗುತ್ತೆ ಅನ್ಸುತ್ತೆ. ಸರಿಯಾಗಿ ತಿಳ್ಕೊಂಡು ಹೇಳ್ತೀನಿ” ಅಂದರು. ಆಮೇಲೆ ಪರೀಕ್ಷೆ ಬಂತು, ಬೀಳ್ಕೊಡುಗೆ ಸಮಾರಂಭ ಬಂತು, ಆ ಮಾತು ಅಲ್ಲಿಗೇ ನಿಂತಿತು.

ಸುವರ್ಣ ಮಹೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಪ್ರಶ್ನೆ. ನಾನು ಬಾಹ್ಯಾಕಾಶ ವಿಜ್ಞಾನಿಯಲ್ಲ, ಸಾಫ್ಟ್‌ವೇರ್ ಬರೆದು ಬದುಕುವವನು. ಆದರೆ ಡ್ರೈವರ್ ಯಾರು ಎಂಬ ಪ್ರಶ್ನೆ ನನ್ನ ಕಸುಬಿಗೆ ಬಹಳ ಹತ್ತಿರದ್ದು. ಈಗ ಎಲ್ಲಿ ನೋಡಿದರೂ ಒಂದೇ ಮಾತು: ಮೊದಲು ರೋಬೋಟ್‌ಗಳು ಮಂಗಳಕ್ಕೆ ಹೋಗುತ್ತವೆ, ತಾವಾಗಿಯೇ ನೆಲ ಸಮ ಮಾಡುತ್ತವೆ, ಮನೆ ಕಟ್ಟುತ್ತವೆ, ಗಾಳಿ ನೀರು ತಯಾರಿಸಿ ಇಡುತ್ತವೆ, ಕೊನೆಯಲ್ಲಿ ಮನುಷ್ಯರು ಹೋಗಿ ಗೃಹಪ್ರವೇಶ ಮಾಡುತ್ತಾರೆ. ಇದರಲ್ಲಿ ಇದುವರೆಗೆ ಆಗಿರುವುದೆಷ್ಟು ಎಂದು ಹಳೆಯ ದಾಖಲೆಗಳನ್ನು ಓದುತ್ತ ಹೋದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಯಂತ್ರಗಳು ತಾವಾಗಿಯೇ ನಡೆಯುವುದನ್ನು ಚೆನ್ನಾಗಿ ಕಲಿತಿವೆ. ತಾವಾಗಿಯೇ ಕೆಲಸ ಮಾಡುವುದನ್ನು, ಅಂದರೆ ಅಗೆಯುವುದು, ಎತ್ತುವುದು, ಕಟ್ಟುವುದು, ಕೆಟ್ಟರೆ ರಿಪೇರಿ ಮಾಡಿಕೊಳ್ಳುವುದು, ಇವನ್ನು ಇನ್ನೂ ಕಲಿತಿಲ್ಲ.

ಕಥೆ ಶುರುವಾಗುವುದು ಚಂದ್ರನಿಂದ. ಚಂದ್ರ ಗ್ರಹವಲ್ಲ, ಉಪಗ್ರಹ ಎಂದು ನಮ್ಮ ಮೇಷ್ಟ್ರು ತಿದ್ದುತ್ತಾರೆ, ಗೊತ್ತು. ಆದರೆ ಮನುಷ್ಯ ಕಾಲಿಡುವ ಮುಂಚೆ ನೆಲ ನೋಡಿಕೊಂಡು ಬರಲು ಯಂತ್ರವನ್ನು ಕಳಿಸಿದ ಮೊದಲ ಉದಾಹರಣೆ ಅದೇ. 1950ರ ದಶಕದಲ್ಲಿ ಥಾಮಸ್ ಗೋಲ್ಡ್ ಎಂಬ ಖಗೋಳ ವಿಜ್ಞಾನಿ, ಚಂದ್ರನ ಬಯಲುಗಳ ಮೇಲೆ ಆಳವಾದ ನುಣ್ಣನೆಯ ಧೂಳು ತುಂಬಿರಬಹುದು ಎಂದು ವಾದಿಸಿದ್ದರು. ಇಳಿದ ನೌಕೆ ಹೂತುಹೋದರೆ ಏನು ಗತಿ ಎಂಬುದು ಆಗ ನಿಜವಾದ ಭಯ. 1966ರ ಫೆಬ್ರವರಿ 3ರಂದು ಸೋವಿಯತ್ ದೇಶದ ಲೂನಾ-9 ಇಳಿಯಿತು, ಹೂತುಹೋಗಲಿಲ್ಲ, ಫೋಟೋ ಕಳಿಸಿತು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸರ್ವೇಯರ್-1 ಇಳಿಯಿತು. 1967ರ ಏಪ್ರಿಲ್‌ನಲ್ಲಿ ಇಳಿದ ಸರ್ವೇಯರ್-3ಕ್ಕೆ ಒಂದು ಕೈ ಇತ್ತು, ಕೈಯ ತುದಿಯಲ್ಲಿ ಸಣ್ಣ ಸಲಿಕೆ. ಭೂಮಿಯಿಂದ ಬಂದ ಆದೇಶದಂತೆ ಅದು ಚಂದ್ರನ ಮಣ್ಣನ್ನು ಕೆದಕಿ ಸಣ್ಣ ಕಾಲುವೆ ತೋಡಿ ತೋರಿಸಿತು. ಎರಡೂವರೆ ವರ್ಷದ ನಂತರ, 1969ರ ನವೆಂಬರ್‌ನಲ್ಲಿ ಅಪೋಲೊ-12ರ ಇಬ್ಬರು ಯಾತ್ರಿಗಳು ಅದರಿಂದ 200 ಮೀಟರ್ ಒಳಗೇ ಇಳಿದು, ನಡೆದು ಹೋಗಿ, ಅದರ ಕ್ಯಾಮೆರಾ ಬಿಚ್ಚಿಕೊಂಡು ಬಂದರು. ರೋಬೋಟ್ ಮೊದಲು ಹೋಗಿ ಜಾಗ ನೋಡಿ, ಆಮೇಲೆ ಮನುಷ್ಯ ಹೋಗಿ ಆ ರೋಬೋಟನ್ನೇ ಭೇಟಿಯಾದದ್ದು ಇದುವರೆಗಿನ ಇತಿಹಾಸದಲ್ಲಿ ಈ ಒಂದೇ ಸಲ.

ಮರು ವರ್ಷ ಚಕ್ರ ಬಂತು. 1970ರ ನವೆಂಬರ್ 17ರಂದು ಲೂನಾ-17 ನೌಕೆಯಿಂದ ಲೂನೊಖೋದ್-1 ಎಂಬ ಎಂಟು ಚಕ್ರದ ಗಾಡಿ ಚಂದ್ರನ ನೆಲಕ್ಕೆ ಇಳಿಯಿತು. ಸುಮಾರು 750 ಕಿಲೊ ತೂಕ. ನೋಡಲು ನಮ್ಮ ಅಜ್ಜಿಯರ ಕಾಲದ ಹಂಡೆಗೆ ಮುಚ್ಚಳ ಹಾಕಿ ಚಕ್ರ ಜೋಡಿಸಿದ ಹಾಗೆ. ಹಗಲು ಮುಚ್ಚಳ ತೆರೆದರೆ ಅದರ ಒಳಮೈಯಲ್ಲಿದ್ದ ಸೌರಫಲಕ ವಿದ್ಯುತ್ ಕೊಡುತ್ತಿತ್ತು. ಚಂದ್ರನ ರಾತ್ರಿ ನಮ್ಮ ಎರಡು ವಾರದಷ್ಟು ಉದ್ದ. ಆ ಕೊರೆವ ಚಳಿಯಲ್ಲಿ ಮುಚ್ಚಳ ಮುಚ್ಚಿಕೊಂಡು, ಪೊಲೋನಿಯಂ ಎಂಬ ವಿಕಿರಣ ವಸ್ತುವಿನ ಬಿಸಿಯಲ್ಲಿ ಮಲಗುತ್ತಿತ್ತು. ಹೀಗೆ ಅದು 1971ರ ಸೆಪ್ಟೆಂಬರ್‌ವರೆಗೆ ಬದುಕಿತು. ಹತ್ತೂವರೆ ಕಿಲೋಮೀಟರ್ ನಡೆಯಿತು, ಐನೂರಕ್ಕೂ ಹೆಚ್ಚು ಕಡೆ ನೆಲಕ್ಕೆ ಮೊನೆ ಒತ್ತಿ ಮಣ್ಣಿನ ಗಟ್ಟಿತನ ಅಳೆಯಿತು.

ಅಲ್ಲಿ ಡ್ರೈವರ್ ಯಾರು? ಮನುಷ್ಯರೇ. ಕ್ರಿಮಿಯಾದ ಸಿಮ್ಫೆರೊಪೋಲ್ ಬಳಿಯ ಕೇಂದ್ರದಲ್ಲಿ ಐದು ಜನರ ತಂಡ ಕುಳಿತು ಅದನ್ನು ಓಡಿಸುತ್ತಿತ್ತು. ಒಬ್ಬ ನಾಯಕ, ಒಬ್ಬ ಚಾಲಕ, ಒಬ್ಬ ದಾರಿ ನೋಡುವವ, ಒಬ್ಬ ಆಂಟೆನಾ ನೋಡಿಕೊಳ್ಳುವವ, ಒಬ್ಬ ಎಂಜಿನಿಯರ್. ನಮ್ಮ ಬಸ್ಸಿನಲ್ಲಾದರೂ ಡ್ರೈವರ್, ಕಂಡಕ್ಟರ್ ಇಬ್ಬರೇ. ಅವರಿಗೆ ಕಾಣುತ್ತಿದ್ದದ್ದು ವಿಡಿಯೊ ಅಲ್ಲ, ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುವ ಮಸುಕು ಚಿತ್ರ. ರೇಡಿಯೊ ಸಂಕೇತ ಚಂದ್ರನಿಗೆ ಹೋಗಿ ಬರಲು ಎರಡೂವರೆ ಸೆಕೆಂಡು. ಕಣ್ಣಿಗೆ ಕಂಡ ಗುಂಡಿಯೊಳಗೆ ಗಾಡಿ ಆಗಲೇ ಇಳಿದುಬಿಟ್ಟಿರಬಹುದು. ಈ ಚಾಲಕರ ಹೆಸರುಗಳನ್ನು ಸೋವಿಯತ್ ಸರ್ಕಾರ ಬಹಳ ವರ್ಷ ಗುಟ್ಟಾಗಿಟ್ಟಿತ್ತು.

ಇಲ್ಲಿ ನಮ್ಮ ಶಾಲೆಯ ಇಸವಿ ಬರುತ್ತದೆ. ಲೂನೊಖೋದ್-2 ಚಂದ್ರನನ್ನು ಮುಟ್ಟಿದ್ದು 1973ರ ಜನವರಿಯಲ್ಲಿ. ಅದು ನಾಲ್ಕೇ ತಿಂಗಳಲ್ಲಿ 39 ಕಿಲೋಮೀಟರ್ ನಡೆಯಿತು. ಮೇ ತಿಂಗಳಲ್ಲಿ ಒಂದು ಕುಳಿಯೊಳಗೆ ಇಳಿದಾಗ ತೆರೆದಿದ್ದ ಮುಚ್ಚಳ ಕುಳಿಯ ಗೋಡೆಗೆ ತಗುಲಿ ಸೌರಫಲಕದ ಮೇಲೆ ಮಣ್ಣು ಬಿತ್ತು. ರಾತ್ರಿಗೆಂದು ಮುಚ್ಚಳ ಮುಚ್ಚಿದಾಗ ಅದೇ ಮಣ್ಣು ಒಳಗಿನ ರೇಡಿಯೇಟರ್ ಮೇಲೆ ಸುರಿಯಿತು. ಮರುದಿನ, ಅಂದರೆ ಚಂದ್ರನ ಮರುದಿನ, ಬಿಸಿಲೇರಿದಾಗ ಶಾಖ ಹೊರಹೋಗಲು ದಾರಿಯಿಲ್ಲದೆ ಯಂತ್ರ ಕೆಟ್ಟಿತು. ಕಾರ್ಯಾಚರಣೆ ಮುಗಿಯಿತೆಂದು ಜೂನ್ ಮೊದಲ ವಾರದಲ್ಲಿ ಪ್ರಕಟಣೆ ಬಂತು. ಸರಿಯಾಗಿ ಅದೇ ಜೂನ್‌ನಲ್ಲಿ ನಮ್ಮ ಶಾಲೆಯ ಮೊದಲ ಗಂಟೆ ಬಾರಿಸಿತು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ‘ಕರ್ನಾಟಕ’ ಆಗಲು ನವೆಂಬರ್ ಬರಬೇಕಿತ್ತು. ಒಂದು ಹಿಡಿ ಮಣ್ಣಿನಿಂದ ಇಡೀ ಗಾಡಿ ಸತ್ತ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಐವತ್ತು ವರ್ಷ ಈ ಮಣ್ಣು ಮತ್ತೆ ಮತ್ತೆ ಬರುತ್ತದೆ.

ಚಂದ್ರನಿಗೆ ಎರಡೂವರೆ ಸೆಕೆಂಡಾದರೆ ಮಂಗಳಕ್ಕೆ ಎಷ್ಟು? ಗ್ರಹಗಳ ಸ್ಥಾನ ನೋಡಿಕೊಂಡು, ಹೋಗಲು ಮಾತ್ರ 3ರಿಂದ 22 ನಿಮಿಷ. ಬರಲು ಮತ್ತೆ ಅಷ್ಟೇ. “ಬ್ರೇಕ್ ಹಾಕು” ಎಂದು ಹೇಳಿ ಊಟ ಮುಗಿಸಿ ಬಂದು ನೋಡಬೇಕು. ಈ ತೊಂದರೆಯನ್ನು ಮೊದಲೇ ಕಂಡವರಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಆರಂಭದಲ್ಲಿ ಜೇಮ್ಸ್ ಆಡಮ್ಸ್ ಎಂಬ ವಿದ್ಯಾರ್ಥಿ ಸೈಕಲ್ ಚಕ್ರದ ಒಂದು ಗಾಡಿ ಮಾಡಿ, ಸಂಕೇತ ಎರಡೂವರೆ ಸೆಕೆಂಡು ತಡವಾದರೆ ಮನುಷ್ಯ ಅದನ್ನು ಎಷ್ಟು ವೇಗವಾಗಿ ಓಡಿಸಬಲ್ಲ ಎಂದು ಪರೀಕ್ಷಿಸಿದ. ಮಗು ಅಂಬೆಗಾಲಿಡುವ ವೇಗವನ್ನೂ ಮುಟ್ಟಲಾಗಲಿಲ್ಲ. ಅದೇ ಗಾಡಿ ಕೈಯಿಂದ ಕೈಗೆ ಹೋಗಿ, 1979ರಲ್ಲಿ ಹಾನ್ಸ್ ಮೊರಾವೆಕ್ ಎಂಬ ಸಂಶೋಧಕ ಅದಕ್ಕೆ ಕಂಪ್ಯೂಟರಿನ ಕಣ್ಣು ಕೊಟ್ಟಾಗ, ಕುರ್ಚಿಗಳನ್ನು ಇಟ್ಟಿದ್ದ ಒಂದು ಕೋಣೆಯನ್ನು ಯಾರ ಸಹಾಯವಿಲ್ಲದೆ ದಾಟಿತು. 20 ಮೀಟರ್ ದಾರಿ, ಸುಮಾರು ಐದು ಗಂಟೆ.

ಸೋವಿಯತ್ ಎಂಜಿನಿಯರುಗಳು ಇದಕ್ಕೂ ಮುಂಚೆಯೇ ಮಂಗಳಕ್ಕೆ ಸ್ವಂತ ಬುದ್ಧಿಯ ಯಂತ್ರ ಕಳಿಸಿದ್ದರು. 1971ರ ಡಿಸೆಂಬರ್ 2ರಂದು ಇಳಿದ ಮಾರ್ಸ್-3 ನೌಕೆಯೊಳಗೆ ನಾಲ್ಕೂವರೆ ಕಿಲೊ ತೂಕದ ಪುಟ್ಟ ಯಂತ್ರವೊಂದಿತ್ತು. ಚಕ್ರವಿಲ್ಲ, ಎರಡು ಹಲಗೆಯಂತಹ ಪಾದಗಳ ಮೇಲೆ ಹೆಜ್ಜೆಯಿಟ್ಟು ಸಾಗಬೇಕು, 15 ಮೀಟರ್ ತಂತಿಯಲ್ಲಿ ಕಟ್ಟಿಹಾಕಿದ ಕರುವಿನ ಹಾಗೆ. ಮುಂದೆ ಎರಡು ಕಡ್ಡಿ ಮೀಸೆ. ಮೀಸೆಗೆ ಕಲ್ಲು ತಗುಲಿದರೆ ಹಿಂದೆ ಸರಿದು ಬಳಸಿಕೊಂಡು ಹೋಗಬೇಕು. ಆದರೆ ನೌಕೆ ಇಳಿದ ಸ್ವಲ್ಪ ಹೊತ್ತಿನಲ್ಲೇ ಮಾತು ನಿಲ್ಲಿಸಿತು. ಮಂಗಳದ ಮೇಲೆ ಸ್ವಂತ ನಿರ್ಧಾರ ಮಾಡಬೇಕಿದ್ದ ಮೊದಲ ಯಂತ್ರ ಹೆಜ್ಜೆಯಿಟ್ಟ ಸುದ್ದಿ ಬರಲೇ ಇಲ್ಲ.

ಕನಸುಗಳು ಮಾತ್ರ ಇವೆಲ್ಲಕ್ಕಿಂತ ಬಹಳ ಮುಂದಿದ್ದವು. 1980ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ನಾಸಾ ಹತ್ತು ವಾರಗಳ ಒಂದು ಅಧ್ಯಯನ ನಡೆಸಿತು. ಅದರ ವರದಿ 1982ರಲ್ಲಿ ಪ್ರಕಟವಾಯಿತು. ಅದರ ಒಂದು ಭಾಗವನ್ನು ಓದಿದರೆ ಇಂದಿಗೂ ಬೆರಗಾಗುತ್ತದೆ. ಚಂದ್ರನಿಗೆ 100 ಟನ್ ತೂಕದ ಒಂದು ‘ಬೀಜ’ ಕಾರ್ಖಾನೆ ಕಳಿಸುವುದು. ಅದರೊಳಗಿನ ರೋಬೋಟ್‌ಗಳು ಮಣ್ಣು ಅಗೆದು, ಕರಗಿಸಿ, ನೆಲಕ್ಕೆ ಚಪ್ಪಡಿ ಹಾಸಿ, ಬಿಡಿಭಾಗ ಮಾಡಿ, ಒಂದು ವರ್ಷದಲ್ಲಿ ತಮ್ಮಂಥದೇ ಇನ್ನೊಂದು ಕಾರ್ಖಾನೆ ಕಟ್ಟುವುದು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆಯುವುದು. ಗಣಿತಜ್ಞ ಜಾನ್ ವಾನ್ ನಾಯ್ಮನ್ 1940ರ ದಶಕದಲ್ಲೇ ಕಾಗದದ ಮೇಲೆ ತೋರಿಸಿದ್ದ, ತನ್ನನ್ನೇ ತಾನು ನಕಲು ಮಾಡಿಕೊಳ್ಳುವ ಯಂತ್ರದ ತತ್ತ್ವ ಇದರ ಮೂಲ. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಹೆಪ್ಪು ಹಾಕುವುದು. ಒಂದು ಚಮಚ ಹೆಪ್ಪು ಕಳಿಸಿದರೆ ಸಾಕು, ಪಾತ್ರೆ ತುಂಬ ಮೊಸರು.

ಆ ವರದಿ ಬರೆದವರು ದಡ್ಡರಲ್ಲ. ಎಲ್ಲವನ್ನೂ ಚಂದ್ರನ ಮೇಲೇ ಮಾಡಲಾಗದು, ಎಲೆಕ್ಟ್ರಾನಿಕ್ ಚಿಪ್‌ಗಳಂಥ ಸೂಕ್ಷ್ಮ ಭಾಗಗಳನ್ನು ಭೂಮಿಯಿಂದ ಕಳಿಸುತ್ತಿರಬೇಕಾದೀತು ಎಂದು ಒಪ್ಪಿಕೊಂಡಿದ್ದರು; ದೇಹಕ್ಕೆ ವಿಟಮಿನ್ ಬೇಕಾದ ಹಾಗೆ. ಆದರೆ ನನಗೆ ಅನ್ನಿಸುವುದು, ಅವರು ಯಂತ್ರದ ಬುದ್ಧಿಯ ಬಗ್ಗೆ ಯೋಚಿಸಿದಷ್ಟು ಮಣ್ಣಿನ ಹಟದ ಬಗ್ಗೆ ಯೋಚಿಸಲಿಲ್ಲ. ಆ ಕಾರ್ಖಾನೆಯ ಒಂದು ಇಟ್ಟಿಗೆಯೂ ಇಂದಿನವರೆಗೆ ಬಿದ್ದಿಲ್ಲ.

ಮುಂದಿನ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನನ್ನ ಕಸುಬಿನದು. 1997ರ ಜುಲೈ 4ರಂದು ಮಾರ್ಸ್ ಪಾಥ್‌ಫೈಂಡರ್ ಮಂಗಳದ ಮೇಲೆ ಇಳಿಯಿತು. ಅದರೊಳಗಿಂದ ಹೊರಬಂದ ಸೊಜರ್ನರ್ ಎಂಬ ಗಾಡಿಯ ತೂಕ ಹತ್ತೂವರೆ ಕಿಲೊ. ಅಕ್ಕಿ ಮೂಟೆಗಿಂತ ಹಗುರ. ಅದರ ಮಿದುಳು 2 ಮೆಗಾಹರ್ಟ್ಸ್ ವೇಗದ 8085 ಜಾತಿಯ ಚಿಪ್. ಬಿ.ಇ. ಓದುವಾಗ ಲ್ಯಾಬ್‌ನಲ್ಲಿ ನಾವು ಕೈಯಾರೆ ಪ್ರೋಗ್ರಾಂ ತುಂಬಿಸುತ್ತಿದ್ದ 8085 ಕಿಟ್‌ನ ಸಂಬಂಧಿ. ಇಂಥ ಮಿದುಳಿನಿಂದ ಅದು ಲೇಸರ್ ಗೆರೆಗಳನ್ನು ನೆಲದ ಮೇಲೆ ಬೀರಿ, ಗೆರೆ ಎಲ್ಲಿ ಮುರಿದಿದೆ ನೋಡಿ, ಕಲ್ಲು ತಪ್ಪಿಸಿಕೊಂಡು ಹೋಗುತ್ತಿತ್ತು. ಏಳು ದಿನಕ್ಕೆಂದು ಮಾಡಿದ್ದು 83 ಮಂಗಳ ದಿನ ಬಾಳಿತು. ನಡೆದದ್ದು ಒಟ್ಟು ನೂರು ಮೀಟರ್‌ನಷ್ಟು.

ಆದರೆ ಇಳಿದ ಕೆಲವು ದಿನಗಳಲ್ಲಿ ತಾಯಿ ನೌಕೆಯ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಕಾರಣ ಹೀಗೆ. ಶಾಲೆಯಲ್ಲಿ ಒಂದೇ ಬೀರು, ಒಂದೇ ಕೀಲಿ ಎಂದುಕೊಳ್ಳಿ. ಎಂಟನೇ ತರಗತಿಯ ಹುಡುಗನೊಬ್ಬ ಸೀಮೆಸುಣ್ಣ ತೆಗೆಯಲು ಕೀಲಿ ತೆಗೆದುಕೊಂಡು ಹೋಗಿದ್ದಾನೆ. ಹೆಡ್‌ಮಾಸ್ಟರಿಗೆ ತುರ್ತಾಗಿ ರಿಜಿಸ್ಟರ್ ಬೇಕು, ಕೀಲಿಗಾಗಿ ಕಾಯುತ್ತಿದ್ದಾರೆ. ಅಷ್ಟರಲ್ಲಿ ದಾರಿಯಲ್ಲಿ ಪಿ.ಟಿ. ಮೇಷ್ಟ್ರು ಹುಡುಗನನ್ನು ಹಿಡಿದು, “ಬಾರೋ, ಗ್ರೌಂಡಿಗೆ ಗೆರೆ ಹಾಕು” ಎನ್ನುತ್ತಾರೆ. ಹುಡುಗ ಇಲ್ಲವೆನ್ನಲಾರ. ಪಿ.ಟಿ. ಮೇಷ್ಟ್ರಿಗೆ ಹೆಡ್‌ಮಾಸ್ಟರು ಕಾಯುತ್ತಿರುವುದು ಗೊತ್ತಿಲ್ಲ. ಹೀಗೆ ಎಲ್ಲರಿಗಿಂತ ದೊಡ್ಡವರ ಕೆಲಸ ನಡುವಿನವರ ಕೆಲಸಕ್ಕಾಗಿ ನಿಂತಿತು. ಪಾಥ್‌ಫೈಂಡರ್‌ನಲ್ಲಿ ಹವಾಮಾನದ ಮಾಹಿತಿ ಸಂಗ್ರಹಿಸುವ ಪ್ರೋಗ್ರಾಂ ಆ ಹುಡುಗ. ನೌಕೆಯೊಳಗಿನ ಮಾಹಿತಿ ಸಾಗಾಟವನ್ನು ನಿಯಂತ್ರಿಸುವ ಪ್ರೋಗ್ರಾಂ ಹೆಡ್‌ಮಾಸ್ಟರು. ನಿಗದಿತ ಸಮಯದಲ್ಲಿ ಅದರ ಕೆಲಸ ಮುಗಿಯದಿದ್ದಾಗ, ಏನೋ ಭಾರೀ ಎಡವಟ್ಟಾಗಿದೆ ಎಂದು ವ್ಯವಸ್ಥೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತಿತ್ತು.

ಗ್ಲೆನ್ ರೀವ್ಸ್ ಅವರ ನೇತೃತ್ವದ ಸಾಫ್ಟ್‌ವೇರ್ ತಂಡ ಭೂಮಿಯಲ್ಲಿದ್ದ ತದ್ರೂಪಿ ಯಂತ್ರದಲ್ಲಿ ಇದೇ ತಪ್ಪನ್ನು ಮರುಕಳಿಸಿ ನೋಡಿ ಕಾರಣ ಹಿಡಿಯಿತು. ಪರಿಹಾರ 1990ರಲ್ಲೇ ಒಂದು ಸಂಶೋಧನಾ ಲೇಖನದಲ್ಲಿ ಪ್ರಕಟವಾಗಿತ್ತು: ಕೀಲಿ ಹುಡುಗನ ಕೈಲಿರುವಷ್ಟು ಹೊತ್ತು ಅವನನ್ನೇ ಹೆಡ್‌ಮಾಸ್ಟರ್ ಎಂದು ತಿಳಿಯಿರಿ, ಯಾರೂ ತಡೆಯಬೇಡಿ. ನೌಕೆಯ ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯ ಇತ್ತು, ಅದನ್ನು ಆನ್ ಮಾಡಿರಲಿಲ್ಲ, ಅಷ್ಟೇ. ಕೋಟ್ಯಂತರ ಕಿಲೋಮೀಟರ್ ದೂರಕ್ಕೆ ಸಣ್ಣ ಆದೇಶ ಕಳಿಸಿ ಆನ್ ಮಾಡಿದರು. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲೂ ಈ ರೀಸೆಟ್ ಒಂದೆರಡು ಸಲ ಕಾಣಿಸಿಕೊಂಡಿತ್ತು, ಕಾರಣ ಸಿಕ್ಕಿರಲಿಲ್ಲ. ನನ್ನ ಕಸುಬಿನ ಯಾರಿಗಾದರೂ ಇದನ್ನು ಹೇಳಿ ನೋಡಿ, ಒಂದು ಕ್ಷಣ ಸುಮ್ಮನಾಗುತ್ತಾರೆ. ಇಲ್ಲಿ ಗಮನಿಸಬೇಕಾದ್ದು, ಯಂತ್ರ ತನಗೆ ಏನೋ ಆಗಿದೆ ಎಂದು ತಿಳಿದು ಎದ್ದು ನಿಂತದ್ದು ತಾನಾಗಿಯೇ. ಏನಾಗಿದೆ ಎಂದು ತಿಳಿದು ಸರಿಪಡಿಸಿದವರು ಭೂಮಿಯ ಮೇಲಿನ ಮನುಷ್ಯರು.

ಸ್ಪಿರಿಟ್ ವಿಷಯದಲ್ಲೂ ಹೀಗೇ ಆಯಿತು. ನಾನು ಪ್ರಾರ್ಥನೆಯಲ್ಲಿ ಆ ಸುದ್ದಿ ಓದಿದ ಎರಡೇ ವಾರದಲ್ಲಿ, ಜನವರಿ 21ರಂದು, ಅದರ ಫ್ಲ್ಯಾಶ್ ಮೆಮೊರಿಯಲ್ಲಿ ಫೈಲುಗಳು ಹೆಚ್ಚಾಗಿ ಕಂಪ್ಯೂಟರ್ ಮತ್ತೆ ಮತ್ತೆ ರೀಬೂಟ್ ಆಗತೊಡಗಿತು. ಆ ಸುದ್ದಿ ನಮ್ಮ ಸೂಚನಾ ಫಲಕಕ್ಕೆ ಬರಲಿಲ್ಲ. ಅದನ್ನೂ ದೂರದಿಂದಲೇ ಗುಣಪಡಿಸಿದರು. 90 ದಿನಕ್ಕೆಂದು ಹೋದ ಸ್ಪಿರಿಟ್ ಆರು ವರ್ಷ ದುಡಿಯಿತು. ಅದರ ಜೋಡಿ ಆಪರ್ಚುನಿಟಿ ಹದಿನಾಲ್ಕು ವರ್ಷ ದಾಟಿ, 45 ಕಿಲೋಮೀಟರ್ ನಡೆಯಿತು. 2014ರ ಜುಲೈನಲ್ಲಿ ಅದು ಲೂನೊಖೋದ್-2ರ 39 ಕಿಲೋಮೀಟರ್ ದಾಖಲೆ ಮುರಿಯಿತು. ಗೌರವಕ್ಕಾಗಿ ಅಮೆರಿಕದ ತಂಡ ಮಂಗಳದ ಒಂದು ಕುಳಿಗೆ ‘ಲೂನೊಖೋದ್-2’ ಎಂದೇ ಹೆಸರಿಟ್ಟಿತು. ಎರಡು ದೇಶಗಳ ನಡುವೆ ಏನೇ ಇರಲಿ, ಎಂಜಿನಿಯರುಗಳ ನಡುವೆ ಇಂಥದ್ದೊಂದು ಇರುತ್ತದೆ.

ನಡಿಗೆಯ ಕಥೆಯನ್ನು ಬೇಗ ಮುಗಿಸುತ್ತೇನೆ. ಸ್ಪಿರಿಟ್ ಕಾಲದಲ್ಲಿ ಚಾಲಕರು ಬೆಳಿಗ್ಗೆ ಇಡೀ ದಿನದ ಆದೇಶ ಕಳಿಸುತ್ತಿದ್ದರು. ಸ್ವಲ್ಪ ದಾರಿಯನ್ನು ಮಾತ್ರ ಗಾಡಿಯ ವಿವೇಚನೆಗೆ ಬಿಡುತ್ತಿದ್ದರು. ಮಂಗಳದ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದವಾದ್ದರಿಂದ, ಗಾಡಿಯ ಬೆಳಗಿಗೆ ಹೊಂದಿಕೊಂಡು ಇವರ ಪಾಳಿ ದಿನವೂ 40 ನಿಮಿಷ ಮುಂದೆ ಹೋಗುತ್ತಿತ್ತು. ಅಮೆರಿಕದ ಗಡಿಯಾರಕ್ಕೆ ನಿದ್ದೆಗೆಡುವ ನಮ್ಮ ಬೆಂಗಳೂರಿನವರಿಗೆ ಅವರ ಕಷ್ಟ ಅರ್ಥವಾಗುತ್ತದೆ. 2012ರಲ್ಲಿ ಇಳಿದ ಕ್ಯೂರಿಯಾಸಿಟಿ ನಿಂತು, ನೋಡಿ, ಯೋಚಿಸಿ, ಮತ್ತೆ ನಡೆಯುತ್ತಿತ್ತು. ಹಾಗಾಗಿ ಸ್ವಂತ ಬುದ್ಧಿಯಲ್ಲಿ ಗಂಟೆಗೆ 20 ಮೀಟರ್‌ನಷ್ಟೇ. 2021ರ ಫೆಬ್ರವರಿ 18ರಂದು ಇಳಿದ ಪರ್ಸೀವರೆನ್ಸ್‌ಗೆ ಚಿತ್ರ ನೋಡಲೆಂದೇ ಇನ್ನೊಂದು ಕಂಪ್ಯೂಟರ್ ಇದೆ. ಅದು ನಡೆಯುತ್ತಲೇ ಯೋಚಿಸುತ್ತದೆ, ಗಂಟೆಗೆ 120 ಮೀಟರ್‌ವರೆಗೆ ಹೋಗುತ್ತದೆ. ಮೊದಲು ನಡೆದ 17.7 ಕಿಲೋಮೀಟರಿನಲ್ಲಿ ಶೇಕಡ 88ರಷ್ಟು ದಾರಿಯನ್ನು ಅದು ತಾನೇ ನೋಡಿಕೊಂಡು ಹೋಗಿತ್ತು. ನಮ್ಮ ಮೇಷ್ಟ್ರ 2004ರ ಉತ್ತರ ಆಗ ಅರ್ಧ ನಿಜ, ಈಗ ಬಹುಪಾಲು ನಿಜ.

ಆದರೆ ಮನೆ ಕಟ್ಟುವವನಿಗೆ ನಡೆಯಲು ಬಂದರಷ್ಟೇ ಸಾಲದು. ಮೊದಲ ಕೆಲಸ ಪಾಯ ತೋಡುವುದು. ಅಲ್ಲಿನ ದಾಖಲೆ ಇಷ್ಟು ಚೆನ್ನಾಗಿಲ್ಲ. 2008ರ ಮೇ 25ರಂದು ಮಂಗಳದ ಉತ್ತರ ಭಾಗದಲ್ಲಿ ಇಳಿದ ಫೀನಿಕ್ಸ್ ನೌಕೆಯ ಸಲಿಕೆ ಮಣ್ಣು ತೋಡಿತು, ಬಿಳಿಯ ಮಂಜುಗಡ್ಡೆಯನ್ನೂ ತೋರಿಸಿತು. ಮಣ್ಣನ್ನು ಪರೀಕ್ಷೆಯ ಪುಟ್ಟ ಒಲೆಗೆ ಸುರಿದರೆ ಅದು ಜರಡಿಯಲ್ಲಿ ಇಳಿಯಲೇ ಇಲ್ಲ, ಹೆಂಟೆ ಕಟ್ಟಿಕೊಂಡಿತ್ತು. ದಿನಗಟ್ಟಲೆ ಜರಡಿ ಅಲುಗಿಸಿದ ಮೇಲೆ ಸ್ವಲ್ಪ ಇಳಿಯಿತು. ಮಂಜು ಬೆರೆತ ಮಣ್ಣಂತೂ ಸಲಿಕೆಗೇ ಅಂಟಿಕೊಂಡಿತು. ಆ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವಿದೆ ಎಂದೂ ಅಲ್ಲೇ ಗೊತ್ತಾಯಿತು. ಅದು ಮನುಷ್ಯರ ಥೈರಾಯ್ಡ್ ಗ್ರಂಥಿಗೆ ಒಳ್ಳೆಯದಲ್ಲ. ಅಂದರೆ ಅಲ್ಲಿ ಬೆಳೆ ತೆಗೆಯುವ ಮಾತಿಗೆ ಮುಂಚೆ ಮಣ್ಣನ್ನು ತೊಳೆಯಬೇಕು.

ಇದಕ್ಕಿಂತ ದುಃಖದ ಕಥೆ ಇನ್‌ಸೈಟ್‌ನದು. 2018ರ ನವೆಂಬರ್ 26ರಂದು ಇಳಿದ ಆ ನೌಕೆಯಲ್ಲಿ ಜರ್ಮನಿಯವರು ಮಾಡಿದ 40 ಸೆಂಟಿಮೀಟರ್ ಉದ್ದದ ಒಂದು ಮೊಳೆಯಂಥ ಉಪಕರಣ ಇತ್ತು. ಒಳಗಿನ ಸುತ್ತಿಗೆ ತನ್ನನ್ನೇ ಬಡಿದುಕೊಳ್ಳುತ್ತ ನೆಲದೊಳಗೆ ಐದು ಮೀಟರ್ ಇಳಿದು, ಮಂಗಳದ ಒಡಲಿನ ಶಾಖ ಅಳೆಯಬೇಕಿತ್ತು. ನಮ್ಮೂರಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಗೊತ್ತು, ಮೇಲೆ ಕಂಡ ನೆಲ ಒಳಗೆ ಹಾಗೇ ಇರಬೇಕೆಂದಿಲ್ಲ. ಆ ಮೊಳೆಗೆ ಇಳಿಯಲು ಸುತ್ತಲಿನ ಮರಳು ಬಿಗಿಯಾಗಿ ಹಿಡಿದುಕೊಳ್ಳಬೇಕಿತ್ತು. ಅಲ್ಲಿನ ಮಣ್ಣು ಹೆಪ್ಪುಗಟ್ಟಿದಂತಿದ್ದು, ಮೊಳೆಯ ಸುತ್ತ ಗುಂಡಿಯಾಯಿತೇ ಹೊರತು ಹಿಡಿತ ಸಿಗಲಿಲ್ಲ. 2019ರ ಫೆಬ್ರವರಿಯಿಂದ ಸುಮಾರು ಎರಡು ವರ್ಷ ಭೂಮಿಯ ಎಂಜಿನಿಯರುಗಳು ರೋಬೋಟಿನ ಕೈಯಿಂದ ಅದನ್ನು ಪಕ್ಕದಿಂದ ಒತ್ತಿ, ಮೇಲಿಂದ ಅದುಮಿ, ಮಣ್ಣು ಕೆರೆದು ಮುಚ್ಚಿ ನೋಡಿದರು. 2021ರ ಜನವರಿಯಲ್ಲಿ ಕೈಬಿಟ್ಟರು. ಐದು ಮೀಟರ್ ಹೋಗಬೇಕಾದ್ದು ತನ್ನ ಉದ್ದಕ್ಕಿಂತ ಆಳಕ್ಕೆ ಇಳಿಯಲಿಲ್ಲ.

ಸ್ಪಿರಿಟ್ ಗಾಡಿಯ ಒಂದು ಒಳ್ಳೆಯ ಅಗೆತವೂ ಆಕಸ್ಮಿಕವೇ. ಅದರ ಮುಂದಿನ ಬಲ ಚಕ್ರ 2006ರಲ್ಲಿ ತಿರುಗುವುದನ್ನು ನಿಲ್ಲಿಸಿತು. ಅದನ್ನು ಎಳೆದುಕೊಂಡೇ ಹಿಂದುಮುಂದಾಗಿ ನಡೆದಾಗ ನೇಗಿಲು ಹೊಡೆದ ಸಾಲಿನಂತೆ ನೆಲ ಕಿತ್ತು, ಕೆಳಗೆ ಬಿಳಿಯ ಸಿಲಿಕಾ ಕಂಡಿತು. ಒಂದಾನೊಂದು ಕಾಲದಲ್ಲಿ ಅಲ್ಲಿ ಬಿಸಿನೀರೋ ಹಬೆಯೋ ಇತ್ತೆನ್ನಲು ಅದು ಸಾಕ್ಷಿ. 2009ರಲ್ಲಿ ಇದೇ ಸ್ಪಿರಿಟ್ ಮೆತ್ತನೆ ಮರಳಿನಲ್ಲಿ ಹೂತು, ಮತ್ತೆ ಮೇಲೇಳಲಿಲ್ಲ. ಥಾಮಸ್ ಗೋಲ್ಡ್ ಅವರ ಭಯ ಚಂದ್ರನಲ್ಲಿ ಸುಳ್ಳಾಗಿ, ಮಂಗಳದಲ್ಲಿ ಒಂದು ಗಾಡಿಯ ಮಟ್ಟಿಗೆ ನಿಜವಾಯಿತು.

ಪಾಯ ಬಿಟ್ಟು ಗಾಳಿಯ ವಿಷಯಕ್ಕೆ ಬರೋಣ. ಇಲ್ಲಿ ನಿಜವಾಗಿ ಸಂತೋಷಪಡುವಂಥ ಕೆಲಸವಾಗಿದೆ. ರಾಬರ್ಟ್ ಜೂಬ್ರಿನ್ ಮತ್ತು ಡೇವಿಡ್ ಬೇಕರ್ ಎಂಬ ಇಬ್ಬರು ಎಂಜಿನಿಯರುಗಳು 1990ರಲ್ಲಿ ಒಂದು ಯೋಜನೆ ಮುಂದಿಟ್ಟರು. ಮನುಷ್ಯರು ಹೊರಡುವ ಮುಂಚೆಯೇ ಖಾಲಿ ಟ್ಯಾಂಕಿನ ರಾಕೆಟ್ಟನ್ನು ಮಂಗಳಕ್ಕೆ ಕಳಿಸುವುದು. ಜೊತೆಗೆ ಆರು ಟನ್ ಹೈಡ್ರೋಜನ್ ಮತ್ತು ಒಂದು ಸಣ್ಣ ಅಣು ರಿಯಾಕ್ಟರ್. ಅಲ್ಲಿನ ಗಾಳಿಯಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಅದನ್ನು ಹೈಡ್ರೋಜನ್ ಜೊತೆ ಸೇರಿಸಿ ನೂರು ಟನ್‌ಗೂ ಹೆಚ್ಚು ಮೀಥೇನ್ ಮತ್ತು ಆಮ್ಲಜನಕವನ್ನು ಯಂತ್ರವೇ ತಯಾರಿಸಿಡುತ್ತದೆ. ಟ್ಯಾಂಕ್ ತುಂಬಿದೆ ಎಂದು ಖಚಿತವಾದ ಮೇಲೇ ಮನುಷ್ಯರು ಹೊರಡುವುದು. ಭೂಮಿಯಿಂದ ಮಂಗಳಕ್ಕೆ ಹೊರಡಲು ಅನುಕೂಲದ ಕಾಲ 26 ತಿಂಗಳಿಗೊಮ್ಮೆ ಬರುವುದರಿಂದ ಯಂತ್ರಕ್ಕೆ ಸಾಕಷ್ಟು ಸಮಯವೂ ಸಿಗುತ್ತದೆ. ಈ ಯೋಜನೆ ನಡೆಯಲಿಲ್ಲ, ಆದರೆ ಅದರ ಮೂಲ ವಿಚಾರ ಸಾಯಲಿಲ್ಲ.

ಪರ್ಸೀವರೆನ್ಸ್ ಒಳಗೆ ಕಾರಿನ ಬ್ಯಾಟರಿಯಷ್ಟು ದೊಡ್ಡ, 17 ಕಿಲೊ ತೂಕದ ‘ಮಾಕ್ಸಿ’ ಎಂಬ ಪೆಟ್ಟಿಗೆಯಿದೆ. ಮಂಗಳದ ಗಾಳಿಯನ್ನು ಎಳೆದುಕೊಂಡು, ಒತ್ತಿ, 800 ಡಿಗ್ರಿಗೆ ಕಾಯಿಸಿ, ವಿದ್ಯುತ್ತಿನಿಂದ ಆಮ್ಲಜನಕವನ್ನು ಬೇರ್ಪಡಿಸುವುದು ಅದರ ಕೆಲಸ. 2021ರ ಏಪ್ರಿಲ್ 20ರಂದು ಮೊದಲ ಸಲ 5.37 ಗ್ರಾಂ ಆಮ್ಲಜನಕ ಮಾಡಿತು. ಬೇರೊಂದು ಗ್ರಹದಲ್ಲಿ, ಆ ಗ್ರಹದ್ದೇ ವಸ್ತುವಿನಿಂದ, ಮನುಷ್ಯನಿಗೆ ಬೇಕಾದ್ದನ್ನು ಯಂತ್ರವೊಂದು ತಯಾರಿಸಿದ್ದು ಅದೇ ಮೊದಲು. 2023ರ ಆಗಸ್ಟ್‌ನಲ್ಲಿ ಹದಿನಾರನೆಯ ಹಾಗೂ ಕೊನೆಯ ಸಲ ಓಡಿತು. ಎಲ್ಲ ಸೇರಿ 122 ಗ್ರಾಂ. ಒಬ್ಬ ಮನುಷ್ಯನಿಗೆ ಸುಮಾರು ಮೂರೂವರೆ ಗಂಟೆಯ ಉಸಿರು. ಅತಿ ಹೆಚ್ಚೆಂದರೆ ಗಂಟೆಗೆ 12 ಗ್ರಾಂ ಮಾಡಿತು.

ನಾಲ್ವರನ್ನು ಮಂಗಳದ ನೆಲದಿಂದ ಮೇಲಕ್ಕೆತ್ತುವ ರಾಕೆಟ್ಟಿಗೆ 25 ಟನ್ ಆಮ್ಲಜನಕ ಬೇಕೆಂದು ನಾಸಾ ಲೆಕ್ಕ. ಗಂಟೆಗೆ 12 ಗ್ರಾಂನಂತೆ ಮಾಡುತ್ತ ಹೋದರೆ ಎಷ್ಟು ಕಾಲ ಬೇಕು? ಈಗಿನ ಹತ್ತನೇ ತರಗತಿಯವರು ಲೆಕ್ಕ ಮಾಡಿ ನೋಡಲಿ. ನನಗೆ ಬಂದ ಉತ್ತರ ಸುಮಾರು 238 ವರ್ಷ. ಗಂಟೆಗೆ 2-3 ಕಿಲೊ ಮಾಡುವ ದೊಡ್ಡ ಯಂತ್ರ ಬೇಕು. ಅದನ್ನು ಮಾಡಲಾಗದೆಂದಲ್ಲ. ಅದು ವರ್ಷಗಟ್ಟಲೆ, ಹಗಲು ರಾತ್ರಿ, ಧೂಳಿನ ನಡುವೆ, ಸ್ಕ್ರೂಡ್ರೈವರ್ ಹಿಡಿದ ಒಬ್ಬ ಮೆಕ್ಯಾನಿಕ್ಕೂ ಇಲ್ಲದೆ ಓಡಬೇಕು. ಮಾಕ್ಸಿ ಓಡಿದ್ದು ಹದಿನಾರು ಸಲ, ಒಂದೊಂದು ಸಲವೂ ಆಮ್ಲಜನಕ ಮಾಡಿದ್ದು ಗಂಟೆ ಲೆಕ್ಕದಲ್ಲಿ.

ಮಾಕ್ಸಿ ಕೆಲಸ ಮುಗಿಸಿದ ಅದೇ ಆಗಸ್ಟ್‌ನ 23ರ ಸಂಜೆ ನಾವೆಲ್ಲ ಚಂದ್ರಯಾನ-3 ನೋಡಿದೆವು. ನಮ್ಮ ಆಫೀಸಿನಲ್ಲಿ ಮೀಟಿಂಗ್ ನಿಲ್ಲಿಸಿ ಪ್ರೊಜೆಕ್ಟರ್ ಹಾಕಿದ್ದರು. ಕೊನೆಯ ಸುಮಾರು ಇಪ್ಪತ್ತು ನಿಮಿಷ ವಿಕ್ರಮ್ ನೌಕೆ ಯಾರ ಮಾತನ್ನೂ ಕೇಳದೆ, ತಾನೇ ಕ್ಯಾಮೆರಾದಿಂದ ನೆಲ ನೋಡಿ, ಜಾಗ ಆರಿಸಿ ಇಳಿಯಿತು. 2019ರ ಸೆಪ್ಟೆಂಬರ್‌ನಲ್ಲಿ ಇದೇ ಪ್ರಯತ್ನ ವಿಫಲವಾಗಿತ್ತು. ಆಮೇಲೆ 26 ಕಿಲೊ ತೂಕದ ಪ್ರಜ್ಞಾನ್ ಹೊರಬಂದು ನಿಧಾನವಾಗಿ ನೂರು ಮೀಟರ್ ನಡೆಯಿತು. ಆಗಸ್ಟ್ 27ರಂದು ಅದರ ಮುಂದೆ ಮೂರು ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ಚಿತ್ರ ನೋಡಿದ ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದವರು, ಬಂದ ದಾರಿಯಲ್ಲೇ ಹಿಂದಿರುಗು ಎಂದು ಆದೇಶ ಕೊಟ್ಟರು. ಅಲ್ಲಿಗೆ ಡ್ರೈವರ್ ಮತ್ತೆ ಮನುಷ್ಯರೇ. ಪೀಣ್ಯದ ಟ್ರಾಫಿಕ್ ದಾಟಿ ಕೆಲಸಕ್ಕೆ ಬರುವ ಮನುಷ್ಯರು.

ಸೆಪ್ಟೆಂಬರ್ 2ರಂದು ಪ್ರಜ್ಞಾನನ್ನು ಮಲಗಿಸಿದರು. ಚಂದ್ರನ ರಾತ್ರಿ ಕಳೆದು 22ರಂದು ಮತ್ತೆ ಬೆಳಕಾದಾಗ ಕರೆದರು. ಉತ್ತರ ಬರಲಿಲ್ಲ. ಒಂದು ಚಂದ್ರ ಹಗಲಿಗೆಂದೇ ಮಾಡಿದ್ದರಿಂದ ಅದು ಸೋಲಲ್ಲ, ಬಯಸಿದ್ದೆಲ್ಲ ಸಿಕ್ಕಿತ್ತು. ಆದರೂ ಬೇಸರವಾಯಿತು.

ಆ ವಾರ, ಬಹಳ ವರ್ಷಗಳ ನಂತರ, ನಿವೃತ್ತರಾಗಿ ಊರಲ್ಲೇ ಇರುವ ವಿಜ್ಞಾನದ ಮೇಷ್ಟ್ರಿಗೆ ಫೋನ್ ಮಾಡಿದೆ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು. 2004ರ ಪ್ರಶ್ನೆಯನ್ನು ನೆನಪಿಸಿ, ಇಷ್ಟೆಲ್ಲವನ್ನೂ ಚುಟುಕಾಗಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, “ಅಲ್ಲಪ್ಪಾ, ರಷ್ಯಾದವರದು ಐವತ್ತು ವರ್ಷದ ಹಿಂದೆನೇ ಅಷ್ಟೊಂದು ರಾತ್ರಿ ಕಳೀತು ಅಂತೀಯ. ನಮ್ಮದು ಒಂದು ರಾತ್ರಿಗೇ ಯಾಕೆ ಹೋಯ್ತು?” ಎಂದು ಕೇಳಿದರು. ಪೊಲೋನಿಯಂ ಬಿಸಿಯ ವಿಷಯ ಹೇಳಿದೆ. ಪೊಲೋನಿಯಂನ ಪರಮಾಣು ಸಂಖ್ಯೆ ಎಷ್ಟು ಎಂದು ಕೇಳಿದರು. 84 ಎಂದೆ. “ಸರಿ” ಎಂದು, ಜಯಂತಿಗೆ ಬರುತ್ತೀಯಲ್ಲ, ಆಗ ಆ ಬಿಸಿ ಹೇಗೆ ಬರುತ್ತದೆಂದು ಎಂಟನೇ ತರಗತಿಯವರಿಗೆ ಅರ್ಥವಾಗುವ ಹಾಗೆ ಬಂದು ಹೇಳು ಎಂದರು.